ಆರ್‌ಎನ್‌ಎ ತುಂಡಾಗಿದೆ ಎಂದು ಟ್ಯೂಬ್ ಎಸೆಯಬೇಡಿ

ಮಂಗಳೂರಿನ ಸೆಖೆಗೆ ಬೆವರಿದ ಕೈ, ಮಳೆಗಾಲದಲ್ಲಿ ಹೋಗಿಬರುವ ಕರೆಂಟು: ಆರ್‌ಎನ್‌ಎ ಹಾಳಾದರೆ ಮೊದಲ ಸಂಶಯ ಇವುಗಳ ಮೇಲೆಯೇ. ಆದರೆ ಮಾದರಿ ವೈರಸ್ ಸೋಂಕಿದ ಜೀವಕೋಶದ್ದಾಗಿದ್ದರೆ ಆರ್‌ಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ ತೋರಿಸುವ ಜೆಲ್ ಅನ್ನು ಮೊದಲು ಸರಿಯಾಗಿ ನೋಡಿ.

ಕೈಯಿಂದಲೋ ನೀರಿನಿಂದಲೋ ಸೇರಿಕೊಂಡ ಆರ್‌ಎನ್‌ಏಸ್ (ಆರ್‌ಎನ್‌ಎ ಕತ್ತರಿಸುವ ಕಿಣ್ವ) ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತದೆ. ಜೆಲ್‌ನಲ್ಲಿ ಮಾದರಿ ಸಾಗಿದ ದಾರಿಯ, ಅಂದರೆ ಲೇನಿನ, ಉದ್ದಕ್ಕೂ ಮಸುಕು ಹರಡಿರುತ್ತದೆ. ಜೀವಕೋಶದ್ದೇ ಆದ ಆರ್‌ಎನ್‌ಏಸ್ ಎಲ್ ಹಾಗಲ್ಲ. ವೈರಸ್ಸಿನ ಜೋಡಿ ಎಳೆಯ ಆರ್‌ಎನ್‌ಎ ಸಿಕ್ಕೊಡನೆ ಓಎಎಸ್ ಎಂಬ ಕಿಣ್ವ ಎಟಿಪಿ ಬಳಸಿ 2-5ಎ ಎಂಬ ಪುಟ್ಟ ಅಣು ತಯಾರಿಸುತ್ತದೆ. ಅದು ಅಂಟಿದಾಗ ಆರ್‌ಎನ್‌ಏಸ್ ಎಲ್ ಜೋಡಿಗೂಡಿ ಎಚ್ಚೆತ್ತು, ಒಂಟಿ ಎಳೆಯಲ್ಲಿ ಯುಯು, ಯುಎ ಎಂಬ ಅಕ್ಷರಜೋಡಿ ಇರುವ ಕಡೆ ಕತ್ತರಿ ಹಾಕುತ್ತದೆ. ರೈಬೋಸೋಮಿನಲ್ಲಿ ಅದರ ಕೈಗೆಟಕುವ ಜಾಗಗಳು ಕೆಲವೇ. ಹಾಗಾಗಿ ರೈಬೋಸೋಮಿನ ಆರ್‌ಎನ್‌ಎಯ 28ಎಸ್, 18ಎಸ್ ಪಟ್ಟಿಗಳ ಕೆಳಗೆ ಸ್ಪಷ್ಟವಾದ ಹೊಸ ಪಟ್ಟಿಗಳು ಮೂಡುತ್ತವೆ. ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ಹೇಳುವ ಆರ್‌ಐಎನ್ ಅಂಕ ಎರಡರಲ್ಲೂ ಇಳಿಯುತ್ತದೆ, ಅದೊಂದನ್ನೇ ನಂಬಿ ತೀರ್ಮಾನಿಸಬೇಡಿ.

ನಿಜವಾದ ಅಪಾಯ ಇರುವುದು ಯಾವ ಆರ್‌ಎನ್‌ಎ ಎಷ್ಟಿದೆ ಎಂದು ಅಳೆಯುವ ಕ್ಯೂಪಿಸಿಆರ್‌ನಲ್ಲಿ. ಆರ್‌ಎನ್‌ಏಸ್ ಎಲ್ ಜೀವಕೋಶದ ಹೆಚ್ಚಿನ ಎಂಆರ್‌ಎನ್‌ಎಗಳನ್ನೂ ಕಡಿದುಹಾಕುತ್ತದೆ, ಬದಲಾಗದೆಂದು ನಂಬಿ ನಾವು ಹೋಲಿಕೆಗೆ ಆಧಾರವಾಗಿ ಹಿಡಿಯುವ ಜಿಎಪಿಡಿಎಚ್, ಆಕ್ಟಿನ್ ಜೀನ್‌ಗಳದ್ದೂ ಸಮೇತ. ವೈರಸ್ ಬಂದಾಗ ಜೀವಕೋಶ ಹೊರಡಿಸುವ ಎಚ್ಚರಿಕೆಯ ಪ್ರೋಟೀನು ಇಂಟರ್‌ಫೆರಾನ್ ಬೀಟಾದ ಎಂಆರ್‌ಎನ್‌ಎ ಬಹುಮಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ: ಸೋಂಕಿಲ್ಲದ, ಸೋಂಕಿದ ಎರಡು ಮಾದರಿಗಳಲ್ಲೂ ಇಂಟರ್‌ಫೆರಾನಿನ ಸಿಟಿ (ಸಂಕೇತ ಕಾಣಿಸುವ ಆವರ್ತದ ಸಂಖ್ಯೆ; ಆರ್‌ಎನ್‌ಎ ಅರ್ಧವಾದರೆ ಇದು ಒಂದು ಹೆಚ್ಚುತ್ತದೆ) 26 ಇದೆ, ಜಿಎಪಿಡಿಎಚ್ ಮಾತ್ರ 17ರಿಂದ 20ಕ್ಕೆ ಹೋಗಿದೆ ಎಂದುಕೊಳ್ಳಿ. ಎರಡರ ವ್ಯತ್ಯಾಸವಾದ ಡೆಲ್ಟಾ ಸಿಟಿ 9ರಿಂದ 6ಕ್ಕೆ ಇಳಿಯಿತು. ಇಂಟರ್‌ಫೆರಾನ್ ಒಂದಿಷ್ಟೂ ಏರದೆಯೇ ಗ್ರಾಫಿನಲ್ಲಿ 8 ಪಟ್ಟು ಏರಿಕೆ! ಇದು ಪ್ರಬಂಧದವರೆಗೂ ಹೋಗಿಬಿಡಬಲ್ಲ ತಪ್ಪು.

ಆದ್ದರಿಂದ ಜೀವಕೋಶಗಳನ್ನು ಎಣಿಸಿಯೇ ಶುರುಮಾಡಿ. ಕೋಶ ಒಡೆದು ಕಿಣ್ವಗಳನ್ನು ನಿಲ್ಲಿಸುವ ಟ್ರೈಜಾಲ್ ಹಾಕಿದ ತಕ್ಷಣ ಪ್ರತಿ ಟ್ಯೂಬಿಗೂ ಒಂದೇ ಪ್ರಮಾಣದ ಲೂಸಿಫರೇಸ್ ಆರ್‌ಎನ್‌ಎ (ಮಾನವ ಕೋಶದಲ್ಲಿ ಇಲ್ಲದ್ದು) ಸೇರಿಸಿ, ಅದನ್ನೇ ಆಧಾರವಾಗಿಟ್ಟುಕೊಳ್ಳಿ. ಟ್ರೈಜಾಲ್‌ಗಿಂತ ಮೊದಲು ಸೇರಿಸಿದರೆ ಅದೂ ತುಂಡಾದೀತು.

ಹೋಲಿಕೆಗೆ ಎ549 ಎಂಬ ಮಾನವ ಶ್ವಾಸಕೋಶದ ಕೋಶಗಳಿಗೆ ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಪಾಲಿ ಐಸಿ (ಕೃತಕ ಜೋಡಿ ಎಳೆಯ ಆರ್‌ಎನ್‌ಎ) ಕೊಟ್ಟು 4 ಗಂಟೆ ಬಿಡಿ. ಮೀಡಿಯಮ್ಮಿಗೆ ಸುಮ್ಮನೆ ಸುರಿದರೆ ಅದು ಕೋಶದೊಳಗಿನ ಚೀಲವಾದ ಎಂಡೋಸೋಮಿನ ಟಿಎಲ್‌ಆರ್3 ಎಂಬ ಗ್ರಾಹಕದಲ್ಲೇ ನಿಲ್ಲುತ್ತದೆ. ಓಎಎಸ್ ಇರುವ ಸೈಟೋಸಾಲ್ (ಕೋಶದ ಒಳದ್ರವ) ತಲುಪಲು ಲಿಪಿಡ್ ಜೊತೆ ಟ್ರಾನ್ಸ್‌ಫೆಕ್ಟ್ ಮಾಡಲೇಬೇಕು, ಅಂದರೆ ಕೋಶದೊಳಕ್ಕೆ ದಾಟಿಸಬೇಕು. ಲಿಪಿಡ್ ಮಾತ್ರ ಹಾಕಿದ ಒಂದು ವೆಲ್ ಪಕ್ಕದಲ್ಲಿರಲಿ. ಆರ್‌ಎನ್‌ಏಸ್ ಎಲ್ ಜೀನ್ ತೆಗೆದ ಕೋಶಗಳು ಸಿಕ್ಕರೆ ಇನ್ನೂ ಒಳ್ಳೆಯದು: ಅಲ್ಲಿ ಆ ಪಟ್ಟಿಗಳು ಮಾಯವಾದರೆ ಕತ್ತರಿಸಿದ್ದು ಯಾರೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.