ಪ್ಯಾಕೆಟ್ ಮೇಲೆ ರೆಸಿಸ್ಟೆಂಟ್ ಅಂತಿದ್ರೂ ಟೊಮ್ಯಾಟೋ ಬೇರಲ್ಲಿ ಗಂಟು ಯಾಕೆ?

ತರಕಾರಿ ಬೀಜದ ಕಂಪನಿಲಿ ಫೀಲ್ಡ್ ಕೆಲಸ ನಂದು, ಚಳ್ಳಕೆರೆ ಹಿರಿಯೂರು ಕಡೆ ಓಡಾಟ. ಏಪ್ರಿಲ್ ಬಂದ್ರೆ ಟೊಮ್ಯಾಟೋ ಹಾಕಿದವ್ರದ್ದು ಒಂದೇ ಕಂಪ್ಲೇಂಟು, ಗಿಡ ಮಧ್ಯಾಹ್ನ ಬಾಡುತ್ತೆ, ಸಂಜೆಗೆ ಸರಿಹೋಗುತ್ತೆ, ಏನ್ ಗೊಬ್ಬರ ಕೊಟ್ರೂ ಏಳ್ತಿಲ್ಲ ಅಂತ.

ಹಿರಿಯೂರು ಹತ್ರ ಒಬ್ರು ಗಿಡ ಕಿತ್ತು ನನ್ನ ಮುಂದೆ ಹಿಡಿದ್ರು. ಬೇರು ತುಂಬಾ ಗಂಟು. ಶೇಂಗಾ ಬೇರಿನ ಗಂಟಾದ್ರೆ ಉಗುರಲ್ಲಿ ಕೆರೆದ್ರೆ ಉದುರ್ತವೆ, ಇವು ಉದುರಲ್ಲ, ಬೇರೇ ಊದ್ಕೊಂಡಿರೋದು, ನೆಮಟೋಡ್ ಅಂತ ಮಣ್ಣಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಕೆಲಸ. "ಅಲ್ಲ ಸರ್, ನೆಮಟೋಡ್ ತಡಿಯುತ್ತೆ ಅಂತ ನೀವೇ ಬರ್ದಿದೀರ, ಡೂಪ್ಲಿಕೇಟ್ ಬೀಜನಾ ಇದು?" ಅಂದ್ರು. ಡ್ರಿಪ್ಪು, ಮಲ್ಚಿಂಗ್ ಅಂದ್ರೆ ಮಣ್ಣು ಮುಚ್ಚೋ ಪ್ಲಾಸ್ಟಿಕ್ ಶೀಟು, ಸಸಿ ಎಲ್ಲಾ ಸಾಲದ ದುಡ್ಡು, ಸಿಟ್ಟು ಬರೋದು ನ್ಯಾಯನೇ. ಆದ್ರೆ ಅದೇ ತಳಿ ಪಕ್ಕದ ಹೊಲದಲ್ಲಿ ಚಳಿಗಾಲದಲ್ಲಿ ಹಾಕಿದ್ರು, ಬೇರು ಕ್ಲೀನಾಗಿತ್ತು. ಥರ್ಮಾಮೀಟರ್ ತಗೊಂಡು ಕಪ್ಪು ಮಲ್ಚಿಂಗ್ ಶೀಟ್ ಕೆಳಗೆ ನಾಲ್ಕು ಇಂಚು ಆಳಕ್ಕೆ ಚುಚ್ಚಿದೆ, 33 ಡಿಗ್ರಿ ತೋರಿಸ್ತು.

"ಅಣ್ಣ, ಮಣ್ಣು ಕಾದುಬಿಟ್ಟಿದೆ" ಅಂದೆ. ಟೊಮ್ಯಾಟೋದಲ್ಲಿ ಈ ಹುಳ ತಡಿಯೋದು ಎಂಐ ಅನ್ನೋ ಜೀನ್, ಕಾಡು ಟೊಮ್ಯಾಟೋದಿಂದ ತಂದಿದ್ದು. ಹುಳ ಬೇರಲ್ಲಿ ಬಾಯಿ ಹಾಕಿದ ಕಡೆ ಗಿಡ ತನ್ನದೇ ನಾಲ್ಕು ಜೀವಕೋಶ ಸಾಯಿಸ್ಕೊಂಡು ಹುಳಕ್ಕೆ ಊಟ ಸಿಗ್ದಂಗೆ ಮಾಡುತ್ತೆ. ಮಣ್ಣು 28 ಡಿಗ್ರಿ ದಾಟಿದ್ರೆ ಈ ಕೆಲಸ ಕೈಕೊಡುತ್ತೆ, ಹುಳಕ್ಕೆ ಮಾತ್ರ ಆ ಬಿಸಿ ಚೆನ್ನಾಗೇ ಒಗ್ಗುತ್ತೆ, ಬೇಗ ಬೇಗ ಮರಿ ಮಾಡುತ್ತೆ. ತಂಬಾಕಲ್ಲಿ ಮೊಸಾಯಿಕ್ ವೈರಸ್ ತಡಿಯೋ ಎನ್ ಜೀನ್ ಕಥೆನೂ ಇದೇ, ಅದೂ 28ರ ಆಸುಪಾಸಲ್ಲೇ ಸೋಲುತ್ತೆ.

ಹಂಗಂತ ಬಿಸಿಲು ಯಾವಾಗ್ಲೂ ಗಿಡದ ಶತ್ರು ಅಂತಲ್ಲ. ಭತ್ತದಲ್ಲಿ ದುಂಡಾಣು ಅಂಗಮಾರಿ ತಡಿಯೋ ಎಕ್ಸ್ಎ7 ಅನ್ನೋ ಜೀನ್ ಬಿಸಿ ಜಾಸ್ತಿ ಆದಷ್ಟೂ ಚೆನ್ನಾಗಿ ಕೆಲಸ ಮಾಡುತ್ತೆ, ಹರಿಹರ ದಾವಣಗೆರೆ ಕಡೆ ಭತ್ತದವ್ರಿಗೆ ಇದನ್ನ ಹೇಳಿದ್ರೆ ನಂಬೋದೇ ಇಲ್ಲ. ಒಂದೊಂದು ಜೀನಿಗೆ ಒಂದೊಂದು ಥರ, ಅದಕ್ಕೇ ರೆಸಿಸ್ಟೆಂಟ್ ಅನ್ನೋ ಒಂದು ಮಾತು ಓದಿ ರೈತ ಇಡೀ ಬೆಳೆ ಅದ್ರ ಮೇಲೆ ಬಿಡೋದು ನನಗೆ ನಿಜಕ್ಕೂ ಸಂಕಟ ಆಗುತ್ತೆ. ಎಷ್ಟು ಡಿಗ್ರಿವರೆಗೆ ಅಂತಾನೂ ಪ್ಯಾಕೆಟ್ ಮೇಲೆ ಹಾಕ್ಲೇಬೇಕು.

ಈಗ ಯಾರೇ ಬೀಜ ಕೇಳಿದ್ರೂ ಮೊದ್ಲು ಯಾವ ತಿಂಗಳ ನಾಟಿ, ಯಾವ ಶೀಟು ಅಂತ ಕೇಳ್ತೀನಿ. ಬೇಸಿಗೆನೇ ಆದ್ರೆ ಶೀಟಿನ ಬೆಳ್ಳಿ ಬಣ್ಣದ ಮುಖ ಮೇಲೆ ಬರ್ಲಿ ಇಲ್ಲಾ ಭತ್ತದ ಹುಲ್ಲು ಹಾಸಿ, ಮಣ್ಣು ತಂಪಿರುತ್ತೆ, ಜೊತೆಗೆ ಬೇವಿನ ಹಿಂಡಿ ಕೊಡಿ, ಹಿಂದಿನ ಬೆಳೆ ಚೆಂಡುಹೂ ಆಗಿದ್ರೆ ಇನ್ನೂ ಒಳ್ಳೇದು. ಆ ಹಿರಿಯೂರಿನ ಅಣ್ಣ ಈ ಸಲ ಬೇಸಿಗೇಲಿ ಟೊಮ್ಯಾಟೋ ಹಾಕಿಲ್ಲ, ಹೊಲಕ್ಕೆ ನೀರು ಕೊಟ್ಟು ಪಾರದರ್ಶಕ ಶೀಟ್ ಬಿಗಿಯಾಗಿ ಹೊದಿಸಿದಾರೆ, ಐದಾರು ವಾರ ಹಂಗೇ ಬಿಟ್ರೆ ಬಿಸಿ ಹುಳ ತಡ್ಕೊಳ್ಳೋದಕ್ಕಿಂತ ಜಾಸ್ತಿ ಏರಿ ಮೇಲ್ಮಣ್ಣಲ್ಲಿರೋ ಹುಳ ಬಹಳಷ್ಟು ಬೆಂದು ಸಾಯ್ತವೆ, ಆಮೇಲೆ ಮಳೆ ನೋಡ್ಕೊಂಡು ನಾಟಿ.