ಸೆನ್ಸರಿ ತೊಂದರೆಯ ಮಗುವಿಗೆ ನೆರವು ಹುಡುಕುವಾಗ: ಥೆರಪಿ ಕೋಣೆಯ ಒಳಗಿನಿಂದ ಕೆಲವು ಮಾತು

ಊಟ, ಸ್ನಾನ, ಬರವಣಿಗೆಯಂಥ ದಿನನಿತ್ಯದ ಕೆಲಸಗಳನ್ನು ಮಗು ಮಾಡಿಕೊಳ್ಳುವಂತೆ ನೆರವಾಗುವ ಆಕ್ಯುಪೇಷನಲ್ ಥೆರಪಿಗೆ ಬರುವ ಪಾಲಕರು ಹೆಚ್ಚಾಗಿ ಮೊದಲು ಕೇಳುವುದು, ‘ಮಗುವಿಗೆ ಸೆನ್ಸರಿ ಸಮಸ್ಯೆ ಇದೆಯೋ ಇಲ್ಲವೋ ಹೇಳಿಬಿಡಿ’ ಎಂದು. ಸದ್ದು, ಸ್ಪರ್ಶ, ಬೆಳಕಿನಂಥವಕ್ಕೆ ಮಗು ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದನ್ನು ಹೀಗೆ ಕರೆಯುತ್ತಾರೆ. ಇದೆ ಎಂದು ಹೇಳಿದ ಮಾತ್ರಕ್ಕೆ ಮರುದಿನ ಬೆಳಿಗ್ಗೆ ಮನೆಯಲ್ಲಿ ಏನೂ ಬದಲಾಗುವುದಿಲ್ಲ ಎನ್ನುವುದು ಈ ಕೆಲಸ ಕಲಿಸುವ ಮೊದಲ ಪಾಠ. ‘ಮುಂದಿನ ಹಲ್ಲು ಉಜ್ಜಲು ಬಿಡುತ್ತಾನೆ, ಬ್ರಷ್ ದವಡೆಗೆ ತಾಗಿದ ಕೂಡಲೇ ಓಕರಿಸುತ್ತಾನೆ’ ಎನ್ನುವವರಿಗೆ ಅದೇ ದಿನ ಏನಾದರೂ ದಾರಿ ತೋರಿಸಬಹುದು. ‘ಎಲ್ಲದಕ್ಕೂ ರಂಪ’ ಎಂದರೆ ಎಲ್ಲಿಂದ ಹಿಡಿಯುವುದು?

ಹೆಸರಿನ ವಿಷಯ ಬೇಗ ಮುಗಿಸುತ್ತೇನೆ. ಇಂದ್ರಿಯಗಳಿಂದ ಬರುವ ಮಾಹಿತಿಯನ್ನು ಮಿದುಳು ಹೇಗೆ ಜೋಡಿಸಿ ಬಳಸುತ್ತದೆ ಎಂದು ವಿವರಿಸುವ ಸೆನ್ಸರಿ ಇಂಟಿಗ್ರೇಷನ್ ಎಂಬ ಸಿದ್ಧಾಂತವನ್ನು ಕಟ್ಟಿದವರು ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್. ಅವರ ಮುಖ್ಯ ಪುಸ್ತಕ ಬಂದದ್ದು 1972ರಲ್ಲಿ. ಆದರೆ ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ ತಂದ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ ಪ್ರತ್ಯೇಕ ಕಾಯಿಲೆಯಾಗಿ ಇಲ್ಲ. ಸದ್ದು, ಸ್ಪರ್ಶ, ಬೆಳಕಿಗೆ ಅತಿಯಾಗಿ ಅಥವಾ ತೀರಾ ಕಡಿಮೆ ಸ್ಪಂದಿಸುವುದು ಅಲ್ಲಿ ಆಟಿಸಂನ ಲಕ್ಷಣಗಳಲ್ಲಿ ಒಂದಾಗಿ ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲೇ ‘ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್’ ಎಂಬುದನ್ನು ಸ್ವತಂತ್ರ ಡಯಾಗ್ನೋಸಿಸ್ ಆಗಿ ಬಳಸಬೇಡಿ ಎಂದು ವೈದ್ಯರಿಗೆ ಹೇಳಿತ್ತು. ಥೆರಪಿ ಕೊಡಿಸುವುದಾದರೆ ಗುರಿ ಮತ್ತು ಅವಧಿ ನಿಗದಿಪಡಿಸಿಕೊಂಡು ನೋಡಿ ಎಂದಿತ್ತು. ಆದ್ದರಿಂದ ಒಬ್ಬ ವೈದ್ಯರು ‘ಅಂಥದ್ದೊಂದು ಕಾಯಿಲೆಯೇ ಇಲ್ಲ’ ಎಂದರೆ, ಥೆರಪಿಸ್ಟ್ ‘ಖಂಡಿತ ಇದೆ’ ಎಂದರೆ ಗಾಬರಿ ಬೇಡ. ಮಗುವಿನ ಕಷ್ಟ ನಿಜ, ವಾದ ಇರುವುದು ಅದಕ್ಕೆ ಇಡುವ ಹೆಸರಿನ ಬಗ್ಗೆ.

ಥೆರಪಿಗೆ ಮೊದಲು ಮಗುವಿನ ದೇಹದ ತಪಾಸಣೆ ಮಾಡಿಸಿ. ಇದನ್ನು ಬಿಟ್ಟರೆ ತಿಂಗಳುಗಟ್ಟಲೆ ಶ್ರಮ ಹಾಳು. ಕರೆದರೆ ತಿರುಗದ, ಟಿವಿ ಜೋರಾಗಿ ಇಡುವ ಮಗುವಿಗೆ ಮಧ್ಯಕಿವಿಯಲ್ಲಿ ನೀರು ತುಂಬಿರಬಹುದು. ಈ ಸ್ಥಿತಿಯಲ್ಲಿ ಕೇಳಿಸುವಿಕೆ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ‘ಬೇಕಂತಲೇ ಮಾಡುತ್ತಾನೆ’ ಎನ್ನಿಸುತ್ತದೆ. ಶ್ರವಣ ಪರೀಕ್ಷೆಯ ಜೊತೆಗೆ ಕಿವಿತಮಟೆಯ ಚಲನೆ ಅಳೆಯುವ ಟಿಂಪನೋಮೆಟ್ರಿಯನ್ನೂ ಕೇಳಿ. ಊಟ ನಿರಾಕರಿಸಿದರೆ ಹಲ್ಲಿನ ಹುಳುಕು, ಟಾನ್ಸಿಲ್, ಆಸಿಡ್ ರಿಫ್ಲಕ್ಸ್, ಮಲಬದ್ಧತೆ ನೋಡಬೇಕು. ಬಟ್ಟೆ ತಡೆಯದಿದ್ದರೆ ಚರ್ಮದಲ್ಲಿ ಎಕ್ಸಿಮಾ ಇದೆಯೇ ಎಂದು, ಮಣ್ಣು, ಸುಣ್ಣ ತಿನ್ನುತ್ತಿದ್ದರೆ ಅಥವಾ ರಾತ್ರಿ ಕಾಲು ಒದರುತ್ತಿದ್ದರೆ ಕಬ್ಬಿಣಾಂಶ ಕಡಿಮೆಯೇ ಎಂದು ಪರೀಕ್ಷಿಸಬೇಕು. ಸದಾ ತುದಿಗಾಲಲ್ಲಿ ನಡೆಯುವ ಮಗುವಿನ ಹಿಮ್ಮಡಿ ಸ್ನಾಯು ಬಿಗಿದಿದೆಯೇ, ನೆಲದಿಂದ ಏಳಲು ತೊಡೆಯ ಮೇಲೆ ಕೈ ಊರುತ್ತದೆಯೇ ಎಂಬುದನ್ನು ಮಕ್ಕಳ ತಜ್ಞರೇ ನೋಡಲಿ.

ಕೆಲವು ಸಂಗತಿಗಳು ಥೆರಪಿಯ ಸರದಿಗಾಗಿ ಕಾಯುವಂಥವಲ್ಲ. ಬಂದಿದ್ದ ಮಾತು ಅಥವಾ ಕೌಶಲ ಕಳೆದುಹೋಗುವುದು, ನಡುನಡುವೆ ದಿಟ್ಟಿಸಿ ನಿಂತು ಕರೆದರೂ ಅರಿವಿಲ್ಲದಿರುವುದು, ತೂಕ ಇಳಿಯುವುದು, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತಾ ಹೋಗುವುದು. ಇವುಗಳಲ್ಲಿ ಯಾವುದೊಂದು ಕಂಡರೂ ಮೊದಲು ವೈದ್ಯರ ಬಳಿಗೆ.

ಅಪಾಯಿಂಟ್‌ಮೆಂಟ್‌ಗೆ ಕಾಯುವ ದಿನಗಳಲ್ಲಿ ಎರಡು ವಾರದ ಟಿಪ್ಪಣಿ ಬರೆಯಿರಿ. ಪ್ರತಿ ಘಟನೆಗೂ ಸಮಯ, ಜಾಗ, ಅದಕ್ಕೂ ಹತ್ತು ನಿಮಿಷ ಮುಂಚೆ ಏನು ನಡೆದಿತ್ತು, ಮಗು ಏನು ಮಾಡಿತು, ದೊಡ್ಡವರು ಏನು ಮಾಡಿದರು, ಮಾಮೂಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತು. ಹಿಂದಿನ ರಾತ್ರಿಯ ನಿದ್ದೆಯೂ ಇರಲಿ. ನಮಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಈ ‘ಮುಂಚಿನ ಹತ್ತು ನಿಮಿಷ’ದ ಕಾಲಂ, ಖಾಲಿ ಬಿಟ್ಟು ತರುವುದೂ ಅದನ್ನೇ. ರಂಪ ಯಾವಾಗಲೂ ಶಾಲೆಯಿಂದ ಬಂದ ಅರ್ಧ ಗಂಟೆಯಲ್ಲಿ ಎದ್ದರೆ ಕಾರಣ ಸಾಕ್ಸ್ ಇರಲಾರದು, ದಿನವಿಡೀ ಸದ್ದು ತಡೆದು ದಣಿದದ್ದು ಇರಬಹುದು. ಹಸಿವೂ ಇರಬಹುದು. ಚೆನ್ನಾಗಿ ಕಳೆದ ದಿನಗಳನ್ನೂ ಬರೆಯಿರಿ, ಹೋಲಿಸಲು ಬೇರೇನೂ ಇರುವುದಿಲ್ಲ. ಎರಡು ಮೂರು ನಿಮಿಷದ ವಿಡಿಯೊ ಇದ್ದರೆ ಒಳ್ಳೆಯದು, ಏಕೆಂದರೆ ಹೊಸ ಕೋಣೆಯಲ್ಲಿ, ಒಬ್ಬರೇ ದೊಡ್ಡವರ ಎದುರು ಅನೇಕ ಮಕ್ಕಳು ಸುಮ್ಮನೆ ಕೂತುಬಿಡುತ್ತಾರೆ.

ಥೆರಪಿಸ್ಟ್ ಆರಿಸುವಾಗ ಉಪಕರಣಗಳಿಗೆ ಮರುಳಾಗಬೇಡಿ. ಬಣ್ಣಬಣ್ಣದ ಜೋಕಾಲಿ, ಬಾಲ್ ಪೂಲ್ ಯಾರು ಬೇಕಾದರೂ ಕೊಳ್ಳಬಹುದು. ಆಕ್ಯುಪೇಷನಲ್ ಥೆರಪಿ ಪದವಿ ಮತ್ತು ನೋಂದಣಿ ಇದೆಯೇ, ಸೆನ್ಸರಿ ಇಂಟಿಗ್ರೇಷನ್‌ನಲ್ಲಿ ಹೆಚ್ಚಿನ ತರಬೇತಿ ಎಲ್ಲಿ ಆಯಿತು ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ. ಮೊದಲ ಭೇಟಿಯಲ್ಲಿ ಪಾಲಕರ ಜೊತೆ ಮಾತುಕತೆ, ಪ್ರಶ್ನಾವಳಿ, ಮಗುವಿನ ಆಟ ಮತ್ತು ಚಲನೆಯ ವೀಕ್ಷಣೆ, ಸಾಧ್ಯವಾದರೆ ಶಿಕ್ಷಕರ ಅಭಿಪ್ರಾಯ ಇಷ್ಟೂ ಇರಬೇಕು. ಸೆನ್ಸರಿ ಪ್ರೊಫೈಲ್ ಎನ್ನುವುದು ಮನೆಯವರು ಅಥವಾ ಶಿಕ್ಷಕರು ತುಂಬುವ ಪ್ರಶ್ನಾವಳಿ. ಬರೀ ಅದರ ಅಂಕ ನೋಡಿ ವರದಿ ಕೊಟ್ಟರೆ ನೀವು ಹೇಳಿದ್ದನ್ನೇ ನಿಮಗೆ ವಾಪಸ್ ಓದಿ ಹೇಳಿದಂತೆ. ‘ಸೀಕರ್’ (ಇಂದ್ರಿಯ ಅನುಭವ ಹುಡುಕುವ ಮಗು), ‘ಅವಾಯ್ಡರ್’ (ಅದರಿಂದ ತಪ್ಪಿಸಿಕೊಳ್ಳುವ ಮಗು) ಎಂಬ ಹಣೆಪಟ್ಟಿಯೂ ಇಡೀ ಮಗುವಿಗೆ ಅಂಟುವುದಿಲ್ಲ: ಮಿಕ್ಸರ್ ಸದ್ದಿಗೆ ಕಿವಿ ಮುಚ್ಚುವ ಮಗುವೇ ದಿನವಿಡೀ ಗಿರಗಿರ ತಿರುಗುತ್ತಿರಬಹುದು.

ನಂತರ ಗುರಿ. ‘ಸೆನ್ಸರಿ ಸುಧಾರಣೆ’, ‘ಏಕಾಗ್ರತೆ ವೃದ್ಧಿ’ ಎಂದು ಬರೆದಿದ್ದರೆ ಒಪ್ಪಬೇಡಿ, ಅದನ್ನು ಅಳೆಯಲಾಗದು. ‘ವಾರದಲ್ಲಿ ಐದು ದಿನ ಅಳದೆ ಎರಡೂ ಕಡೆಯ ದವಡೆ ಹಲ್ಲು ಉಜ್ಜಿಸಿಕೊಳ್ಳುವುದು’ ಎಂದಿದ್ದರೆ ಆಯಿತೋ ಇಲ್ಲವೋ ಎಂದು ಅಜ್ಜಿಯೂ ಹೇಳಬಲ್ಲರು. ಗೋಲ್ ಅಟೈನ್‌ಮೆಂಟ್ ಸ್ಕೇಲಿಂಗ್ ವಿಧಾನದಲ್ಲಿ ಪ್ರತಿ ಗುರಿಗೂ ಮೈನಸ್ 2ರಿಂದ ಪ್ಲಸ್ 2ರವರೆಗೆ ಐದು ಮೆಟ್ಟಿಲು ಬರೆಯುತ್ತಾರೆ. ನಿರೀಕ್ಷಿತ ಫಲಿತಾಂಶಕ್ಕೆ ಸೊನ್ನೆ. ಮೂರು ಗುರಿ ಸಾಕು. ವಾರಕ್ಕೆ ಒಂದೆರಡು ಸೆಷನ್, ತಲಾ 45 ನಿಮಿಷದಿಂದ ಒಂದು ಗಂಟೆ, ಹತ್ತು ಹನ್ನೆರಡು ವಾರಕ್ಕೆ ಮರುಪರಿಶೀಲನೆ ಎಂದು ಮೊದಲೇ ತಾರೀಖು ಹಾಕಿಸಿಕೊಳ್ಳಿ.

ಇನ್ನು ಎಡವುವ ಜಾಗಗಳು. ಜೋಕಾಲಿಯಲ್ಲಿ ಮಗುವನ್ನು ಕೂರಿಸಿ ದೊಡ್ಡವರೇ ತಿರುಗಿಸುತ್ತಾ ಹೋಗುವುದು ಸೆನ್ಸರಿ ಇಂಟಿಗ್ರೇಷನ್ ಅಲ್ಲ. ಮಗು ತಾನೇ ಪ್ರಯತ್ನಿಸಬೇಕು, ಸವಾಲು ಅದರ ಶಕ್ತಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಸುತ್ತುವ ಚಲನೆಯ ಪ್ರಭಾವ ನಿಂತ ಮೇಲೂ ಉಳಿಯುತ್ತದೆ. ಮುಖ ಬಿಳಿಚಿಕೊಂಡರೆ, ಬೆವರಿದರೆ, ಓಕರಿಕೆ ಬಂದರೆ ತಕ್ಷಣ ನಿಲ್ಲಿಸಬೇಕು. ಮೈಮೇಲೆ ಒತ್ತಡ ಬೀಳಲೆಂದು ಒಳಗೆ ತೂಕ ತುಂಬಿದ ಭಾರದ ಕಂಬಳಿಯ ಬಗ್ಗೆ ಬಹಳ ಜನ ಕೇಳುತ್ತಾರೆ. ಆಟಿಸಂ ಇರುವ ಮಕ್ಕಳ ಮೇಲೆ ಬ್ರಿಟನ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ನಿದ್ದೆಯ ಒಟ್ಟು ಸಮಯವನ್ನು ಹೆಚ್ಚಿಸಲಿಲ್ಲ, ಆದರೂ ಮಕ್ಕಳಿಗೂ ಮನೆಯವರಿಗೂ ಇಷ್ಟವಾಗಿತ್ತು. ಬಳಸುವುದಾದರೆ ಮಗು ತಾನೇ ಕಿತ್ತೆಸೆಯುವಷ್ಟು ಹಗುರವಾಗಿರಲಿ, ತಲೆ ಮುಚ್ಚದಿರಲಿ, ಶಿಶುಗಳಿಗಂತೂ ಬೇಡವೇ ಬೇಡ. ಸದ್ದು ತಗ್ಗಿಸಲು ಕಿವಿಗೆ ಹಾಕುವ ಇಯರ್ ಡಿಫೆಂಡರ್‌ಗಳು ಗದ್ದಲದ ಜಾಗಕ್ಕೆ ಒಳ್ಳೆಯ ಸಾಧನ. ದಿನವಿಡೀ ಹಾಕಿಟ್ಟರೆ ನಿಶ್ಶಬ್ದಕ್ಕೆ ಒಗ್ಗಿಕೊಂಡ ಕಿವಿಗೆ ಸಣ್ಣ ಸದ್ದೂ ದೊಡ್ಡದಾಗುತ್ತದೆ. ಅಗತ್ಯ ಮುಗಿದ ಕೂಡಲೇ ತೆಗೆಸಿ.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ವಾರ ನೋಡಿ. ಐದನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಉಪಯೋಗವಾಯಿತು ಎಂದು ಗೊತ್ತಾಗದು. ಅಂಗಿಯ ಲೇಬಲ್ ಕತ್ತರಿಸಿ ಬಿಡುತ್ತಾರೆ. ಉಳಿದ ಬುಡ ಇನ್ನೂ ಜೋರಾಗಿ ಚುಚ್ಚುತ್ತದೆ, ಹೊಲಿಗೆ ಬಿಚ್ಚಿ ಪೂರ್ತಿ ತೆಗೆಯಬೇಕು. ಸಾಕ್ಸ್ ಒಳಮೈ ಹೊರಗೆ ಮಾಡಿ ಹಾಕಿದರೆ ಹೊಲಿಗೆ ಬೆರಳಿಗೆ ತಾಗದು. ಉಗುರು ಕತ್ತರಿಸುವುದು ಸ್ನಾನವಾದ ಮೇಲೆ, ಉಗುರು ಮೆತ್ತಗಿರುವಾಗ: ಮೊದಲು ಬೆರಳ ತುದಿಯನ್ನು ಐದು ಎಣಿಸುವವರೆಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ದಿನಕ್ಕೆ ಒಂದೇ ಕೈ. ಹಗುರ ಸ್ಪರ್ಶ ಕಚಗುಳಿಯಿಟ್ಟು ಕೆರಳಿಸುತ್ತದೆ, ದೃಢ ಒತ್ತಡವನ್ನು ಹೆಚ್ಚಿನ ಮಕ್ಕಳು ಸಹಿಸುತ್ತಾರೆ. ಹಲ್ಲಿಗೆ ಚಿಕ್ಕ ತಲೆಯ ಮೆತ್ತನೆ ಬ್ರಷ್, ಖಾರವಿಲ್ಲದ ಪೇಸ್ಟ್. ಜೋರಾಗಿ ಹತ್ತು ಎಣಿಸಿ, ಹತ್ತಕ್ಕೆ ನಿಲ್ಲಿಸಿ. ‘ಇನ್ನೊಂದು ಸ್ವಲ್ಪ’ ಎಂದು ಹನ್ನೆರಡಕ್ಕೆ ಎಳೆದರೆ ಮರುದಿನ ಎಣಿಕೆಗೆ ಬೆಲೆಯಿಲ್ಲ.

ಶಾಲೆಯಲ್ಲಿ ಕೇಳಬೇಕಾದದ್ದು ದೊಡ್ಡ ವ್ಯವಸ್ಥೆಯೇನಲ್ಲ. ಬಾಗಿಲು, ಫ್ಯಾನಿನಿಂದ ದೂರ, ಬೆನ್ನಿಗೆ ಗೋಡೆ ಇರುವ ಸೀಟು. ಗಂಟೆ ಬಾರಿಸುವ ಮುನ್ನ ಸೂಚನೆ. ಸಾಲಿನಲ್ಲಿ ತಳ್ಳಾಟ ಆಗದಂತೆ ಮೊದಲ ಅಥವಾ ಕೊನೆಯ ಜಾಗ. ಬರೆಯುವ ಮುಂಚೆ ಪುಸ್ತಕದ ರಾಶಿ ಹೊರುವಂಥ ಮೈಬಗ್ಗಿಸುವ ಕೆಲಸ. ಶಿಕ್ಷೆಯೆಂದು ಆಟದ ಬಿಡುವನ್ನು ಕಿತ್ತುಕೊಳ್ಳಬೇಡಿ ಎಂಬುದನ್ನು ಮಾತ್ರ ಬರವಣಿಗೆಯಲ್ಲಿ ಕೊಡಿ. ಮೈ ಆಡಿಸಲು ಸಿಗುವ ಆ ಹದಿನೈದು ನಿಮಿಷವೂ ಹೋದರೆ ಮುಂದಿನ ಪೀರಿಯಡ್ ಇನ್ನಷ್ಟು ಕೆಡುತ್ತದೆ.

ಮರುಪರಿಶೀಲನೆಯ ದಿನ ಕೇಳಬೇಕಾದ ಪ್ರಶ್ನೆ ‘ಇಲ್ಲಿ ಚೆನ್ನಾಗಿ ಮಾಡುತ್ತಾನಾ?’ ಎಂದಲ್ಲ, ‘ಮನೆಯಲ್ಲಿ, ಶಾಲೆಯಲ್ಲಿ ಗುರಿ ಎಷ್ಟು ಮೆಟ್ಟಿಲು ಏರಿತು?’ ಎಂದು. ಕೋಣೆಯೊಳಗೆ ಮಾತ್ರ ಪ್ರಗತಿ ಕಂಡರೆ ಯೋಜನೆ ಬದಲಾಗಬೇಕು. ಆತಂಕ, ಗಮನದ ತೊಂದರೆ, ಭಾಷೆಯ ವಿಳಂಬ ಇದೆಯೇ ಎಂದು ಸೈಕಾಲಜಿಸ್ಟ್ ಅಥವಾ ಸ್ಪೀಚ್ ಥೆರಪಿಸ್ಟ್ ನೋಡಬೇಕಾಗಬಹುದು. ಗುರಿ ಮುಟ್ಟಿದ್ದರೆ ಸೆಷನ್ ನಿಲ್ಲಿಸಲು ಹಿಂಜರಿಯಬೇಡಿ. ಬಿಡುವಾಗ ಏನೇನು ಪ್ರಯತ್ನಿಸಿದರು, ಯಾವುದು ಎಷ್ಟು ವಾರದಲ್ಲಿ ಫಲ ಕೊಟ್ಟಿತು, ಯಾವುದರಿಂದ ಕೆಟ್ಟಿತು ಎಂದು ಒಂದು ಪುಟ ಬರೆಸಿಕೊಳ್ಳಿ. ತರಗತಿ ಬದಲಾದಾಗಲೋ ಹದಿಹರೆಯ ಬಂದಾಗಲೋ ತೊಂದರೆ ಮತ್ತೆ ತಲೆಯೆತ್ತಿದರೆ, ಹೊಸ ಥೆರಪಿಸ್ಟ್ ಅಲ್ಲಿಂದಲೇ ಶುರುಮಾಡಬಹುದು.