ಪ್ರೋಬ್ ಜೊತೆ ಕೇಬಲ್ಲನ್ನೂ ನೋಡಿ

ಆಸ್ಪತ್ರೆಯ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ರೂಮಿಗೆ ಹೋದರೆ ನನ್ನ ಕಣ್ಣು ಮೊದಲು ನೆಲದ ಕಡೆ ಹೋಗುತ್ತದೆ. ಪ್ರೋಬಿನ, ಅಂದರೆ ಮೈಮೇಲೆ ಒತ್ತಿ ಆಡಿಸುವ ಉಪಕರಣದ, ಕೇಬಲ್ ಮೆಷಿನ್ನಿನ ಚಕ್ರಕ್ಕೆ ಸಿಕ್ಕಿದ್ದರೆ ಹೊಟ್ಟೆ ಉರಿಯುತ್ತದೆ. ಇಮೇಜ್ ಮಂಕಾದರೆ ಎಲ್ಲರೂ ಬೈಯುವುದು ಪ್ರೋಬಿನ ತಲೆಯನ್ನು. ಕೇಬಲ್ ಬರೀ ವೈರ್ ತಾನೇ ಅನ್ನುತ್ತಾರೆ.

ಬರೀ ವೈರ್ ಅಲ್ಲ. 128 ಎಲಿಮೆಂಟ್ (ಶಬ್ದದಲೆ ಕಳಿಸಿ, ವಾಪಸ್ ಬಂದದ್ದನ್ನು ಹಿಡಿಯುವ ಪುಟ್ಟ ತುಣುಕು) ಇರುವ ಸಾಮಾನ್ಯ ಪ್ರೋಬಿನಲ್ಲಿ ಒಂದೊಂದಕ್ಕೂ ಬೇರೆ ಕೋಯಾಕ್ಸ್ ಎಳೆ, ಅಂದರೆ ನಡುವೆ ತಂತಿ, ಸುತ್ತ ಲೋಹದ ಹೊದಿಕೆ ಇರುವ ವೈರ್, ಇರುತ್ತದೆ. ಒಳಗಿನ ತಂತಿ ತಲೆಗೂದಲಿನಷ್ಟು ತೆಳು.

ಜೊತೆಗೆ ಪ್ರತಿ ಎಳೆಗೂ ಕೆಪಾಸಿಟೆನ್ಸ್, ಅಂದರೆ ವಿದ್ಯುತ್ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ, ಇದೆ. ಎಲಿಮೆಂಟಿನ ಸಿಗ್ನಲ್ಲಿನ ಒಂದು ಪಾಲನ್ನು ಅದು ನುಂಗುತ್ತದೆ. ಅದರ ಅಳತೆ ಫ್ಯಾರಡ್‌ನಲ್ಲಿ. ಮೀಟರಿಗೆ 50 ಪಿಕೋಫ್ಯಾರಡ್ ಅಂತಿಟ್ಟುಕೊಂಡರೂ 2 ಮೀಟರಿಗೆ 100 ಆಯ್ತು. ಎಲಿಮೆಂಟಿನದು ಬರೀ 50 ಇದ್ದರೆ, ವಾಪಸ್ ಬಂದ ಎಕೋದ (ಪ್ರತಿಧ್ವನಿಯ) ವೋಲ್ಟೇಜ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಸುಮಾರು 9.5 ಡೆಸಿಬೆಲ್ ನಷ್ಟ. 5 ಮೆಗಾಹರ್ಟ್ಜ್ ಅಲೆ ದೇಹದೊಳಗೆ ಹೋಗಿ ಬರುವಾಗ ಸೆಂಟಿಮೀಟರಿಗೆ ಸುಮಾರು 5 ಡೆಸಿಬೆಲ್ ಕಳೆದುಕೊಳ್ಳುತ್ತದೆ. ಲೆಕ್ಕ ಹಾಕಿ, ಹೆಚ್ಚುಕಡಿಮೆ 2 ಸೆಂಟಿಮೀಟರ್ ಆಳ ಕೇಬಲ್ಲಿನಲ್ಲೇ ಹೋಯ್ತು ಅಲ್ವಾ? ಅದಕ್ಕೇ ಕೆಲವು ಪ್ರೋಬ್‌ಗಳ ಹಿಡಿಯೊಳಗೇ ಆಂಪ್ಲಿಫೈಯರ್ ಕೂರಿಸುತ್ತಾರೆ.

ಶಬ್ದದಿಂದ ನೀರೊಳಗಿನದನ್ನು ಪತ್ತೆ ಹಚ್ಚುವ ಸೋನಾರಿನಲ್ಲೂ ಇದೇ ಪಾಡು. 10 ನ್ಯಾನೋಫ್ಯಾರಡ್ ಹೈಡ್ರೋಫೋನಿಗೆ (ನೀರೊಳಗಿನ ಮೈಕಿಗೆ), ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್ಲನ್ನು 100 ಮೀಟರ್ ಎಳೆದರೆ ಕೇಬಲ್ಲಿನದೂ 10 ನ್ಯಾನೋಫ್ಯಾರಡ್ ಆಗಿ ಸಿಗ್ನಲ್ ಅರ್ಧ, ಅಂದರೆ 6 ಡೆಸಿಬೆಲ್ ಕಡಿಮೆ. ಮಲ್ಪೆಯ ಬೋಟುಗಳಲ್ಲಿರುವಂಥ ಫಿಶ್ ಫೈಂಡರ್ (ಮೀನು ಹುಡುಕುವ ಸೋನಾರ್) ಕೇಬಲ್ಲನ್ನು ಎಂಜಿನ್ ವೈರಿನ ಜೊತೆ ಸೇರಿಸಿ ಕಟ್ಟಬಾರದು. ಕಟ್ಟಿದರೆ ಎಂಜಿನ್ ವೈರಿನ ವಿದ್ಯುತ್ ಗದ್ದಲ ನುಗ್ಗಿ ಪರದೆ ತುಂಬಾ ಸುಮ್ನೆ ಚುಕ್ಕೆಗಳು.

ಮತ್ತೆ ಆಸ್ಪತ್ರೆಗೆ ಬರೋಣ. ಕೇಬಲ್ ಜಾಸ್ತಿ ಸಾಯುವುದು ಹಿಡಿಯಿಂದ ಹೊರಬರುವ ಆ ರಬ್ಬರ್ ಕುತ್ತಿಗೆಯ ಹತ್ತಿರ. ಸುಮ್ಮನೆ ನೋಡಿದರೆ ಏನೂ ಕಾಣುವುದಿಲ್ಲ. ಲೀನಿಯರ್ (ಚಪ್ಪಟೆ ಮುಖದ) ಪ್ರೋಬಿನ ಜೆಲ್ ಪೂರ್ತಿ ಒರೆಸಿ, ಒಂದು ಪೇಪರ್ ಕ್ಲಿಪ್ ಬಿಡಿಸಿ, ಅದರ ಬದಿಯನ್ನು ಮುಖದ ಮೇಲೆ ಒಂದು ತುದಿಯಿಂದ ಇನ್ನೊಂದಕ್ಕೆ ಮೆಲ್ಲಗೆ ಸರಿಸಿ. ಚುಚ್ಚಬೇಡಿ, ಲೆನ್ಸ್ ಮೃದು. ಕ್ಲಿಪ್ ಇದ್ದ ಕಡೆಯೆಲ್ಲ ಪರದೆಯಲ್ಲಿ ಬೆಳಕಿನ ಗೆರೆ ಜೊತೆಯಲ್ಲೇ ಸರಿಯುತ್ತದೆ. ಎಲ್ಲಿ ಗೆರೆ ಮಂಕಾಯಿತೋ ಅಲ್ಲಿನ ಚಾನಲ್, ಅಂದರೆ ಒಂದು ಎಲಿಮೆಂಟ್ ಮತ್ತು ಅದರ ಎಳೆಯ ದಾರಿ, ಸತ್ತಿದೆ. ಈಗ ಕ್ಲಿಪ್ಪನ್ನು ಅಲ್ಲೇ ಹಿಡಿದು, ಇನ್ನೊಬ್ಬರಿಗೆ ಕುತ್ತಿಗೆಯನ್ನು ನಿಧಾನವಾಗಿ ಬಾಗಿಸಲು ಹೇಳಿ. ಗೆರೆ ಬಂದು ಬಂದು ಹೋಗುತ್ತಿದ್ದರೆ ತುಂಡಾಗಿರುವುದು ಬಹುತೇಕ ಕೇಬಲ್ಲಿನ ಎಳೆ. ಬಾಗಿಸಿದರೂ ಗೆರೆ ಬದಲಾಗದಿದ್ದರೆ ಎಲಿಮೆಂಟ್ ಅಥವಾ ಕನೆಕ್ಟರಿನ ಪಿನ್ನನ್ನೂ ಅನುಮಾನಿಸಬೇಕು. ಹೊಸ ಪ್ರೋಬಿಗೆ ಕೊಟೇಶನ್ ತರಿಸುವ ಮೊದಲು ದಯವಿಟ್ಟು ಇಷ್ಟು ಮಾಡಿಸಿ. ಕೇಬಲ್ ಮಾತ್ರ ಬದಲಿಸಿಕೊಡುವ ರಿಪೇರಿಯವರೂ ಇದ್ದಾರೆ.